ಶಿಫಾರಸು ಪತ್ರಕ್ಕೆ ಇಟ್ಟ ದೃಷ್ಟಿಬೊಟ್ಟು

ಅಮೆರಿಕದ ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕುವವರು ಮೊದಲು ಕಷ್ಟಪಟ್ಟಿರಬೇಕು. ಇದು ನನಗೆ ಮೊಬೈಲಿನ ವಿಡಿಯೊಗಳಿಂದ ತಿಳಿಯಿತು. ಬದುಕಿನಲ್ಲಿ ಎದುರಾದ ಒಂದು ಸಂಕಟ, ಅದರಿಂದ ಕಲಿತ ಪಾಠ, ಇವೆರಡನ್ನೂ ಸೇರಿಸಿ ಪ್ರಬಂಧ ಬರೆಯಬೇಕಂತೆ. ನನಗೋ ಹದಿನೇಳು ವರ್ಷ, ತಿಕೋಟಾದಲ್ಲಿ ಸ್ವಂತ ಮನೆ, ಅಪ್ಪನಿಗೆ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧದ ಅಂಗಡಿ, ಎರಡು ಹೊತ್ತು ಬಿಸಿ ರೊಟ್ಟಿ, ಸಂಜೆಗೆ ಚುರುಮುರಿ. ಸಂಕಟವನ್ನು ಎಲ್ಲಿಂದ ತರಲಿ? ಅವ್ವನನ್ನು ಕೇಳಿದೆ.

"ನಮ್ಮ ಮನ್ಯಾಗ ಅಂಥಾದ್ದೇನಿಲ್ಲ ಬೇ. ನಿಮ್ಮ ಅತ್ತಿ ಬಂದಾಗ ಬರಕೋ," ಅಂದಳು.

ಮುಂದಿನ ಪ್ರಶ್ನೆ ನಾಯಕತ್ವದ ಬಗ್ಗೆ. ಏಳನೇ ಇಯತ್ತೆಯಲ್ಲಿ ಮಾನಿಟರ್ ಆಗಿ, ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆದು ಇಡೀ ವರ್ಗದ ಶತ್ರುತ್ವ ಗಳಿಸಿದ್ದೇ ನನ್ನ ನಾಯಕತ್ವ. ಅದನ್ನೇ 'ಕಠಿಣ ನಿರ್ಧಾರಗಳನ್ನು ಕೈಗೊಂಡ ಅನುಭವ' ಎಂದು ಬರೆದೆ.

ತಮಾಷೆ ಪಕ್ಕಕ್ಕಿರಲಿ, ನನಗೆ ಗಣಿತ ಬೇಕಿತ್ತು. ಎಂಜಿನಿಯರಿಂಗ್‌ಗೆ ಮೆಟ್ಟಿಲಾಗುವ ಗಣಿತ ಅಲ್ಲ, ಬರೀ ಗಣಿತ. ಅದನ್ನು ಓದಲು ಅಲ್ಲಿಗೆ ಹೋಗಬೇಕೆಂದು ಹುಚ್ಚು ಹಿಡಿದಂತಾಗಿತ್ತು. ಆ ಕಾಲೇಜುಗಳಲ್ಲಿ ಕೆಲವು, ಒಮ್ಮೆ ಆರಿಸಿಕೊಂಡರೆ ಖರ್ಚನ್ನೆಲ್ಲ ತಾವೇ ನೋಡಿಕೊಳ್ಳುತ್ತವೆ. ಅಂಥ ಎಂಟನ್ನು ಹುಡುಕಿ ಇಟ್ಟಿದ್ದೆ. ಅಪ್ಪ ಒಂದೇ ಮಾತು ಹೇಳಿದ್ದ: "ಇದೊಂದ ಸಲ ನೋಡು. ಆಗಲಿಲ್ಲಂದ್ರ ಸಿಇಟಿ ಬರದು ಸುಮ್ನ ಎಂಜಿನಿಯರಿಂಗ್ ಸೇರು. ಮತ್ತ ತಕರಾರು ಮಾಡಂಗಿಲ್ಲ." ಅಪ್ಪ ಮಾತಿಗೆ ತಪ್ಪುವವನಲ್ಲ, ನನಗಿದ್ದ ಹೆದರಿಕೆಯೂ ಅದೇ.

ಶಿಫಾರಸು ಪತ್ರ ಬರೆದು, ಅದರ ಜೊತೆಗಿನ ಫಾರ್ಮಿನಲ್ಲಿ ನನ್ನ ಒಂದೊಂದು ಗುಣಕ್ಕೂ ಒಂದೊಂದು ಖಾನೆಗೆ ಗುರುತು ಹಾಕಬೇಕಾದವರು ನಮ್ಮ ಪಿಯು ಕಾಲೇಜಿನ ಗಣಿತದ ಸರ್. ಅವರ ಮನೆ ನಮ್ಮ ಓಣಿಯಿಂದ ಎರಡು ಓಣಿ ಆಚೆ. ಇಬ್ಬರೂ ದಿನಾ ಒಂದೇ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗುತ್ತಿದ್ದೆವು. ಅಥಣಿ ರಸ್ತೆಯ ಹೊಸ ಲೇಔಟುಗಳು ಶುರುವಾಗುವ ಹೊತ್ತಿಗೆ ಟಿಕೀಟಿನ ಹಿಂದೆ ಒಂದು ಲೆಕ್ಕ ಬರೆದು ಕೊಡುತ್ತಿದ್ದರು. ಬಸ್‌ಸ್ಟ್ಯಾಂಡ್ ಬರುವುದರೊಳಗೆ ಬಿಡಿಸಿದರೆ "ಹ್ಞೂಂ, ನಡೀತೈತಿ" ಅನ್ನುವರು. ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು.

ಅರ್ಜಿಯಲ್ಲಿ ಒಂದು ವಿಚಿತ್ರ ಷರತ್ತಿತ್ತು. ಗುರುಗಳು ಏನು ಬರೆದರು ಎಂಬುದನ್ನು ನೋಡುವ ಹಕ್ಕನ್ನು ನಾನು ಬಿಟ್ಟುಕೊಡುತ್ತೇನೆ ಎಂದು ಒಪ್ಪಿ ಗುರುತು ಹಾಕಬೇಕು. ಹಾಕಿದೆ. ಸರ್ ಯಾವ ಷರತ್ತಿಗೂ ಗುರುತು ಹಾಕಿರಲಿಲ್ಲ. ಮಂದಿಯ ಮನೆಯ ಹುಡುಗಿಯ ಬಗ್ಗೆ ಪರದೇಶಕ್ಕೆ ಕಾಗದ ಹೋಗಿದೆ ಅಂದಮೇಲೆ ಅವಳ ತಂದೆಗೆ ತೋರಿಸದಿದ್ದರೆ ಹೇಗೆ? ಅವರು ಅದನ್ನು ಕಳಿಸಿದವರೇ ಒಂದು ಪ್ರಿಂಟ್ ತೆಗೆಸಿಕೊಂಡು ಅಂಗಡಿಗೆ ಬಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಇಂಗ್ಲಿಷ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಸಂತೋಷಪಟ್ಟು, ಕೌಂಟರಿನ ಮೇಲೆ ಔಷಧದ ಬಾಟಲಿಯ ಕೆಳಗೆ ಇಟ್ಟ. ಅದು ಮೂರು ದಿನ ಅಲ್ಲೇ ಇತ್ತು. ಅರಕೇರಿಯಿಂದ ಬಂದವರು ನೋಡಿದರು, ಕಾಖಂಡಕಿಯವರು ನೋಡಿದರು, ಚಹಾ ತಂದವರು ಕಪ್ಪು ಇಡುವ ಮೊದಲು ನೋಡಿದರು. ನಾನೊಬ್ಬಳೇ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದೆ. ಮಾತು ಕೊಟ್ಟ ಮೇಲೆ ಕೊಟ್ಟಂತೆ. ನನ್ನ ಬಗ್ಗೆ ನನಗೇ ಆಗ ಭಾರಿ ಗೌರವ.

ನಾಲ್ಕನೆಯ ದಿನ ಬಬಲೇಶ್ವರದ ತೋಟದವರೊಬ್ಬರು ಬಂದರು. ಬಿ.ಕಾಂ. ಮುಗಿಸಿ ದ್ರಾಕ್ಷಿಗೆ ಇಳಿದವರು, ಇಂಗ್ಲಿಷ್ ಚೆನ್ನಾಗಿ ಓದುತ್ತಿದ್ದರು. ಕಾಗದವನ್ನು ಕೊನೆಯವರೆಗೂ ಓದಿ ಚಷ್ಮಾದ ಮೇಲಿಂದ ನನ್ನನ್ನು ನೋಡಿದರು.

"ಎಲ್ಲಾದರಾಗೂ ನಿನಗ ಮ್ಯಾಲಿನ ಖಾನೇನ ಹಾಕ್ಯಾರ ತಂಗಿ. ಪ್ರಾಮಾಣಿಕತಿ ಅಂತೈತಲ್ಲ, ಅದರಾಗಷ್ಟ ಸರಾಸರಿಗಿಂತ ಕಡಿಮಿ. ಏನ ಮಾಡಿದ್ದಿ?"

ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಸರ್ ಮನೆಗೆ ಓಡಿದೆ. ಅವರು ಅಂಗಳದಲ್ಲಿ ಹಸಿ ಕಡಲೆ ಗಿಡದ ಸಿವುಡು ಮುಂದಿಟ್ಟುಕೊಂಡು ಬಿಡಿಸಿ ತಿನ್ನುತ್ತಿದ್ದರು.

"ಸರ್, ಪ್ರಾಮಾಣಿಕತಿ ಒಳಗ ಕಡಿಮಿ ಹಾಕೀರಂತ?"

"ಓದಂಗಿಲ್ಲ ಅಂತ ಬರಕೊಟ್ಟೀಯಲ್ಲ ನೀ?"

"ಓದಿಲ್ರಿ. ಕೇಳೇನಿ."

ಸರ್ ಸಮಾಧಾನದಿಂದ ಒಂದು ಕಾಯಿ ಬಿಡಿಸಿದರು. "ಹದಿನೈದ ಹದಿನಾರ ಗುಣಾ ಇದ್ದವು. ಎಲ್ಲಾದರಾಗೂ, ನನ್ನ ಸರ್ವಿಸಿನಾಗ ಇಂಥಾಕಿನ್ನ ನೋಡಿಲ್ಲ ಅಂತ ಒತ್ತೇನಿ. ಅಷ್ಟ ಹೊಗಳಿದ ಮ್ಯಾಲ ನೆದರ ಆಗೂದಿಲ್ಲೇನು? ಅದಕ್ಕ ಒಂದ ಬೊಟ್ಟ ಇಟ್ಟೇನಿ."

ನೆದರು ಅಂದರೆ ಕೆಟ್ಟ ದೃಷ್ಟಿ. ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು, ಕಾಯಿ ಹಿಡಿದ ತೋಟಕ್ಕೆ ಹರಿದ ಚಪ್ಪಲಿ ಕಟ್ಟುವುದನ್ನು ನೋಡಿಯೇ ಬೆಳೆದವಳು ನಾನು. ಇಂಗ್ಲಿಷ್ ಫಾರ್ಮಿಗೂ ಇಡುತ್ತಾರೆಂದು ಗೊತ್ತಿರಲಿಲ್ಲ.

"ಇಡೂದಾದ್ರ ಬ್ಯಾರೆ ಕಡೆ ಇಡಬೇಕಿತ್ರಿ. ಅಲ್ಲೇ ಯಾಕ್ರಿ?"

"ಬೊಟ್ಟ ಗಲ್ಲದ ಮ್ಯಾಲೇ ಇಡಬೇಕು ಯವ್ವಾ. ಹಿಮ್ಮಡಕ್ಕ ಇಟ್ರ ಯಾರಿಗಿ ಕಾಣತೈತಿ? ಆ ಒಂದ ವಿಷಯದಾಗ ನಿನಗ ಯಾರೂ ಹೆಸರಿಡಂಗಿಲ್ಲ. ಅದಕ್ಕ ಅಲ್ಲೇ ಇಟ್ಟೆ."

ನಾನು ಅಳುತ್ತಲೇ ಬಿಡಿಸಿ ಹೇಳಿದೆ. ಆ ದೇಶದಲ್ಲಿ ಗಣಿತ ಸ್ವಲ್ಪ ಕಡಿಮೆಯಾದರೂ ನಡೆದೀತು, ಆದರೆ ಈ ಹುಡುಗಿ ಮೋಸಗಾರ್ತಿ ಎಂದು ಅವಳ ಮೇಷ್ಟರೇ ಹೇಳಿದರೆ ಎಂಟೂ ಕಡೆ ಬಾಗಿಲು ಮುಚ್ಚಿದಂತೆ. ಕಳಿಸಿದ ಫಾರ್ಮನ್ನು ಮತ್ತೆ ತೆರೆಯಲೂ ಬರುವುದಿಲ್ಲ. ಸರ್ ಕೈಯಲ್ಲಿದ್ದ ಕಡಲೆ ಕೈಯಲ್ಲೇ ಉಳಿಯಿತು. ಅವರು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಈಗೇನ ಮಾಡೂದು?"

"ಇನ್ನೊಂದು ಪತ್ರ ಕಳಿಸಬಹುದ್ರಿ. ಗಡುವಿಗೆ ನಾಳೆ ಒಂದ ದಿನ ಐತಿ."

"ಹಂಗಾದ್ರ ನೀನ ಬರಕೊಂಡ ಬಾ. ನಾ ಸಹಿ ಮಾಡ್ತೇನಿ."

ನಮ್ಮಲ್ಲಿ ಇದೇ ಪದ್ಧತಿ. ದಾಖಲೆ ಯಾವುದೇ ಇರಲಿ, ಬೇಕಾದವರು ಬರೆದು ತರುವುದು, ದೊಡ್ಡವರು ಸಹಿ ಹಾಕಿ ಸಿಕ್ಕಾ ಒತ್ತುವುದು. ನನ್ನ ಬಗ್ಗೆ ಬರೆದದ್ದನ್ನು ನೋಡುವುದಿಲ್ಲ ಎಂದು ಮೂರು ದಿನ ಕುತ್ತಿಗೆ ನೋಯಿಸಿಕೊಂಡವಳು ಅರ್ಧ ನಿಮಿಷವೂ ಯೋಚಿಸದೆ ಹೂಂ ಅಂದೆ.

ಬರೆಯಲು ಕೂತರೆ ಮತ್ತೆ ವಿಡಿಯೊಗಳ ನೆನಪು. ಗುಣವನ್ನು ಹೇಳಬೇಡಿ, ಪ್ರಸಂಗದಿಂದ ತೋರಿಸಿ ಎಂದು ಅವು ಬೋಧಿಸಿದ್ದವು. ನನ್ನ ಪ್ರಾಮಾಣಿಕತೆಗೆ ಪ್ರಸಂಗವೇ ಇರಲಿಲ್ಲ. ಕದಿಯದವರಿಗೆ ಕದಿಯದ ಕಥೆ ಎಲ್ಲಿಂದ ಬರಬೇಕು? ಹಾಗಾಗಿ ಒಂದನ್ನು ಹುಟ್ಟಿಸಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸರ್ ಕೂಡುವಾಗ ತಪ್ಪಿ ನನಗೆ ಆರು ಅಂಕ ಹೆಚ್ಚು ಕೊಟ್ಟಿದ್ದರು, ಯಾರಿಗೂ ಗೊತ್ತಿರಲಿಲ್ಲ, ನಾನೇ ಹೋಗಿ ತೆಗೆಸಿದೆ, ಅದರಿಂದ ಮೊದಲ ಸ್ಥಾನ ಹೋಯಿತು. ಚೆನ್ನಾಗಿ ಬಂತು. ಓದುವಾಗ ನನಗೇ ಕಣ್ಣು ತುಂಬಿತು. ಮೊದಲು ಹಾಕಿದ ಗುರುತು ಕೈತಪ್ಪಿ ಆದದ್ದು ಎಂದೂ ಸೇರಿಸಿದೆ. ಮರುದಿನ ಸರ್ ಪೆನ್ನು ತೆಗೆದು ಸಹಿ ಮಾಡಿದರು. ಓದಲಿಲ್ಲ. ಕಾಲೇಜಿನ ಆಫೀಸಿನಲ್ಲಿ ಸಿಕ್ಕಾ ಒತ್ತಿಸಿ, ಸ್ಕ್ಯಾನ್ ಮಾಡಿಸಿ ಎಂಟೂ ಕಡೆ ಕಳಿಸಿದೆವು.

ಏಳು ಕಾಲೇಜುಗಳು ಬಲು ಸಭ್ಯ ಭಾಷೆಯಲ್ಲಿ ಬೇಡವೆಂದವು. ಎಂಟನೆಯದು ಪೂರ್ತಿ ಖರ್ಚಿನೊಂದಿಗೆ ಬಾ ಅಂದಿತು. ಅಪ್ಪ ಆ ಪತ್ರದ ಪ್ರಿಂಟನ್ನು ಅಂಗಡಿಗೆ ತಂದ, ಎರಡು ಡಬ್ಬಿ ಪೇಢೆ ತರಿಸಿದ, ಸರ್ ಅವರನ್ನೂ ಕರೆಸಿದ. ಬಬಲೇಶ್ವರದವರು ಆ ದಿನವೂ ಇದ್ದರು. ಅವರೇ ಚಷ್ಮಾ ಏರಿಸಿ ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದರು. ಕೊನೆಗೆ, ಅರ್ಜಿ ಓದಿದ ಅಧಿಕಾರಿ ಯಾರೋ ಪೆನ್ನಿನಿಂದ ಬರೆದಿದ್ದ ಎರಡು ಸಾಲು ಬಂತು.

"ಇಲ್ನೋಡ್ರಿ, ನಿಮ್ಮ ಗಣಿತದ ಸರ್ ಬರದ ಆರು ಮಾರ್ಕ್ಸಿನ ಪ್ರಸಂಗ ಓದಿ ನಮ್ಮ ಮನಸ್ಸ ತುಂಬಿ ಬಂತು ಅಂತ ಬರದಾರ. ಇದೇನ್ರಿ ಸರ, ಆರು ಮಾರ್ಕ್ಸಿಂದು?"

ಸರ್ ಬಾಯಲ್ಲಿ ಪೇಢೆ ಇತ್ತು. ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ಅಪ್ಪ ಬಾಯಿ ತುಂಬ ನಗುತ್ತ ಕಾಯುತ್ತಿದ್ದ, ಅಂಗಡಿ ತುಂಬ ಮಂದಿ ಕಾಯುತ್ತಿದ್ದರು.

ಸರ್ ಪೇಢೆ ನುಂಗಿದರು. "ಹೌದ್ರಿ," ಅಂದರು. "ಕೂಡೂದರಾಗ ನನ್ನದ ತಪ್ಪಾಗಿತ್ತು. ತಾನ ಬಂದು ತಗಸಿದ್ಲು."

ಎಲ್ಲರೂ ಭೇಷ್ ಅಂದರು. ಅಪ್ಪ ಕಣ್ಣು ಒರೆಸಿಕೊಂಡ. ಸರ್ ಚಹಾಕ್ಕೂ ನಿಲ್ಲದೆ ಹೊರಟರು. ನಾನು ಬೆನ್ನ ಹಿಂದೆಯೇ ರಸ್ತೆವರೆಗೆ ಹೋದೆ.

"ಸರ್, ಅದು ನಾ..."

ಅವರು ನಿಂತರು, ಆದರೆ ತಿರುಗಲಿಲ್ಲ. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ತಪ್ಪ ನಂದೇ ಬೇ. ಓದಬೇಕಾಗಿತ್ತು ನಾ. ನೀ ಬರದೀ ಅಂದಮ್ಯಾಲ ಓದೂದೇನೈತಿ ಅಂತ ಸಹಿ ಹಾಕಿದೆ."