ಕ್ಯಾಸೆಟ್ಟಿನ ಮೇಲಿನ ಕಟಿಂಗ್

ಆ ಬೀದಿಯಲ್ಲಿ ಹೆಂಗಸರ ಕೂದಲು ಅಂದರೆ ಕತ್ತರಿ ಅಕ್ಕ. ಮೂರು ಕುರ್ಚಿ, ಉದ್ದದ ಕನ್ನಡಿ, ಗೋಡೆಗೆ ಆನಿಸಿದ ಬೆಂಚು, ಮೂಲೆಯಲ್ಲಿ ಗೊರಗುಟ್ಟುವ ರೇಡಿಯೊ, ಇಷ್ಟೇ ಅವಳ ರಾಜ್ಯ. ಕತ್ತರಿಯಷ್ಟೇ ಬಾಯಿಯೂ ಚುರುಕು. ಅರ್ಧ ಜನ ಅವಳ ಮಾತು ಕೇಳೋಕೇ ಬರುತ್ತಿದ್ದರು ಅಂದರೆ ಸುಳ್ಳಲ್ಲ. ಊರೆಲ್ಲ ಅವಳ ಕೈಗೆ ತಲೆ ಕೊಟ್ಟಿತ್ತು, ಒಡಹುಟ್ಟಿದ ತಂಗಿಯೊಬ್ಬಳನ್ನು ಬಿಟ್ಟು. ತಂಗಿ ಬರುತ್ತಿದ್ದಳು, ‘ಚೆನ್ನಾಗಿದ್ದೀಯಾ ಅಕ್ಕ’ ಅನ್ನುತ್ತಿದ್ದಳು, ಕೂದಲು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಮೂವತ್ತು ವರ್ಷ! ಅಕ್ಕನಿಗೆ ಅದೇ ಕೊರಗು. ಬಾಯಿಬಿಟ್ಟು ಕೇಳೋಕೆ ಬಿಗುಮಾನ ಬೇರೆ.

ಎಲ್ಲಕ್ಕೂ ಕಾರಣ ಒಂದು ಕ್ಯಾಸೆಟ್ಟು. ಅಬ್ಬಾ, ಏನು ಕ್ಯಾಸೆಟ್ಟಪ್ಪ ಅದು! ಒಬ್ಬ ಪಾಪ್ ಗಾಯಕಿಯ ಎಂಟು ಹಾಡು ಅದರಲ್ಲಿ ಬಂದ ವರ್ಷ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ಕಿವಿಗೊಟ್ಟರೂ ಅವಳದೇ ದನಿ. ಒಂದು ಬದಿ ಮುಗಿದರೆ ಸಾಕು, ಯಾರಾದರೂ ಓಡಿಹೋಗಿ ತಿರುಗಿಸಿ ಹಾಕುತ್ತಿದ್ದರು. ಕ್ಯಾಸೆಟ್ಟಿನ ಮೇಲಿನ ಚಿತ್ರದಲ್ಲಿ ಅವಳ ಕೂದಲು ಒಂದು ಕಡೆ ಕಿವಿಯ ಮೇಲಕ್ಕೆ, ಇನ್ನೊಂದು ಕಡೆ ಭುಜದವರೆಗೆ. ಹುಡುಗಿಯರಿಗೆಲ್ಲ ಅದೇ ಬೇಕು. ಆಗಷ್ಟೇ ಅಂಗಡಿ ತೆರೆದಿದ್ದ ಅಕ್ಕ ಚಿತ್ರ ನೋಡಿ ನೋಡಿಯೇ ಕೈ ಪಳಗಿಸಿಕೊಂಡಳು. ಎಡಗಡೆ ಗಿಡ್ಡ, ಬಲಗಡೆ ಉದ್ದ. ಈಗ ನೆನೆದರೂ ಅವಳ ಬೆರಳು ತಾವಾಗಿಯೇ ಆಡುತ್ತವೆ. ಅಂಥ ದಿನ ಮತ್ತೆಲ್ಲಿ ಬರಬೇಕು!

ತಂಗಿಗೆ ಆಗ ಹದಿನೆಂಟು. ಕುಣಿಯಲು ನಿಂತರೆ ನೋಡುವವರಿಗೆ ಕಣ್ಣು ಕೀಳಲಾಗುತ್ತಿರಲಿಲ್ಲ. ದೊಡ್ಡ ಊರಿನಲ್ಲಿ ಗಾಯಕಿಯ ಹಾಗೆ ಕಾಣುವ ಹುಡುಗಿಯರ ಸ್ಪರ್ಧೆ. ಗೆದ್ದವಳಿಗೆ ಗಾಯಕಿಯ ಹಿಂದೆ ವೇದಿಕೆಯಲ್ಲಿ ಕುಣಿಯುವ ಅವಕಾಶ. ಸೊಂಟದವರೆಗಿದ್ದ ಜಡೆ ಬಿಚ್ಚಿ ‘ಅಕ್ಕ, ಕತ್ತರಿಸು’ ಅಂದಳು ತಂಗಿ. ಅಕ್ಕ ಜೀವವಿಟ್ಟು ಕತ್ತರಿಸಿದಳು.

ಎಡವಟ್ಟಾಗಿದ್ದು ಅಲ್ಲೇ. ಇವರ ಊರಿಗೆ ಬಂದಿದ್ದು ನಕಲಿ ಕ್ಯಾಸೆಟ್ಟು. ನಕಲು ಮಾಡಿದ ಪುಣ್ಯಾತ್ಮ ಚಿತ್ರವನ್ನು ಎಡಬಲ ಅದಲುಬದಲು ಮಾಡಿ ಅಚ್ಚು ಹಾಕಿದ್ದ. ಸ್ಪರ್ಧೆಯಲ್ಲಿ ಎಲ್ಲರದೂ ಬಲಗಡೆ ಗಿಡ್ಡ, ತಂಗಿಯದೊಂದೇ ಎಡಗಡೆ. ‘ಇವರೇನು ಕನ್ನಡಿಯಿಂದ ಇಳಿದು ಬಂದ್ರಾ?’ ಅಂದ ಮೈಕ್ ಹಿಡಿದವನು. ಇಡೀ ಹಾಲ್ ಗೊಳ್ಳೆಂದಿತು. ತಂಗಿ ಕುಣಿಯದೆಯೇ ವೇದಿಕೆ ಇಳಿದಳು. ಆಮೇಲೆ ಎಲ್ಲೂ ಕುಣಿಯಲಿಲ್ಲ.

ಅಕ್ಕನಿಗೋ ಇದು ಅಂಗಡಿಯ ಖಾಯಂ ಜೋಕು. ಉಪ್ಪುಖಾರ ಹಚ್ಚಿ ಹೇಳಿದಳೆಂದರೆ ಬೆಂಚಿನವರಿಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣು.

ಮೊನ್ನೆ ಮಧ್ಯಾಹ್ನ, ಆ ಹಾಡುಗಳಿಗೆ ಮೂವತ್ತು ವರ್ಷವಾಯಿತೆಂದು ರೇಡಿಯೊದವರು ಮೊದಲನೆಯದನ್ನು ಹಾಕಿದರು. ಕುರ್ಚಿಯಲ್ಲಿದ್ದ ಹಳೇ ಗಿರಾಕಿ ಟೀಚರಮ್ಮನ ಮುಖ ಅರಳಿತು. ‘ಅಯ್ಯೋ, ನಾನೂ ಎಡಗಡೆ ಗಿಡ್ಡ ಮಾಡಿಸ್ಕೊಂಡವಳೇ! ಆ ಕಥೆ ಹೇಳಿ ಅಕ್ಕ.’ ಅಕ್ಕ ಶುರು ಹಚ್ಚಿಕೊಂಡಳು. ಮೈಕಿನವನ ಮಾತಿಗೆ ಬರುವಷ್ಟರಲ್ಲಿ ನೋಡುತ್ತಾಳೆ, ಬಾಗಿಲಲ್ಲಿ ತಂಗಿ! ಮಗನ ಮದುವೆಗೆ ಕರೆಯಲು ಬಂದವಳು.

‘ಯಾಕೆ ನಿಲ್ಲಿಸಿದೆ, ಹೇಳು,’ ಅಂದಳು ತಂಗಿ. ‘ಕೂದಲು ತಪ್ಪಾಯ್ತು ಅಂತ ನಂಗೆ ಯಾವತ್ತೂ ಸಿಟ್ಟಿರಲಿಲ್ಲ ಅಕ್ಕ. ಹಾಲ್‌ನವರು ನಕ್ಕಿದ್ದನ್ನೂ ನುಂಗಿಕೊಂಡೆ. ಅಳ್ತಾ ಮನೆಗೆ ಬಂದ್ನಲ್ಲ, ಬಾಗಿಲು ತೆಗೆದವಳು ನೀನು. ನೀನೂ ನಕ್ಕೆ.’

‘ಕ್ಯಾಸೆಟ್ಟಿನವನು ಮಾಡಿದ್ದಕ್ಕೆ ನಾನೇನು ಮಾಡ್ಲಿ’ ಅನ್ನುವ ಮಾತು ಎಂದಿನಂತೆ ಅಕ್ಕನ ನಾಲಿಗೆ ತುದಿಗೆ ಬಂತು. ಆದರೆ ಅವತ್ತಿನ ಆ ಮುಖ ಈಗಲೇ ಕಂಡ ಹಾಗಾಗಿ ಅವಳು ಆ ಮಾತು ಬಿಟ್ಟು ಕತ್ತರಿ ಕೆಳಗಿಟ್ಟಳು.

‘ತಪ್ಪಾಯ್ತು ಕಣೇ. ನಗಬಾರದಿತ್ತು ನಾನು. ತಬ್ಬಿಕೊಳ್ಳಬೇಕಿತ್ತು.’

ತಂಗಿ ಒಳಗೆ ಬಂದು, ಖಾಲಿ ಕುರ್ಚಿಯಲ್ಲಿ ಕೂತು, ತುರುಬು ಬಿಚ್ಚಿದಳು. ‘ತುದಿ ಸರಿ ಮಾಡು, ಸಾಕು.’

ಸಾವಿರಾರು ತಲೆ ಕಂಡ ಕೈ ಅದು. ಬಾಚಣಿಗೆ ಎತ್ತಿಕೊಂಡರೆ ನಿಲ್ಲುತ್ತಲೇ ಇಲ್ಲ.

‘ಕೈ ನಡುಗ್ತಿದೆ ಕಣೇ. ಒಂಚೂರು ತಾಳು.’

‘ಇಷ್ಟು ವರ್ಷ ತಾಳಿದ್ದೀನಿ, ಇನ್ನೆರಡು ನಿಮಿಷ ತಾಳಲ್ವಾ?’ ಅಂದಳು ತಂಗಿ.