ಕತ್ತರಿಸಿದ ಸಾಲು

ಶಿರಸಿಯ ಪ್ರತಿಭಾಳನ್ನು ನೀವು ನೋಡಿರಲಿಕ್ಕಿಲ್ಲ. ಎರಡು ಸಾವಿರದ ಮೂರನೇ ಇಸವಿಯ ಸುಮಾರಿಗೆ ಮೂರು ತಾಲೂಕಿನಲ್ಲಿ ಯಾರಿಗೆ ರಕ್ತ ಬೇಕಾದರೂ ಫೋನು ಬರುತ್ತಿದ್ದದ್ದು ಅವಳಿಗೇ. ರಕ್ತದಾನಿಗಳ ಪಟ್ಟಿ ಅವಳ ಕೈಯಲ್ಲಿತ್ತು. ಯಾರೋ ಕೊಟ್ಟ ಹಳೇ ಕಂಪ್ಯೂಟರು, ಮೌಸ್ ಕೂಡ ಇಲ್ಲ. ಕಪ್ಪು ಪರದೆಯ ಮೇಲೆ ‘ವಿಐ’ ಎಂಬ ಎಡಿಟರು. ಆರುನೂರು ಹೆಸರು, ಒಬ್ಬೊಬ್ಬರಿಗೆ ಒಂದೊಂದು ಸಾಲು. ಓರೆಗೆರೆ ಒತ್ತಿ ರಕ್ತದ ಗುಂಪು ಬರೆದರೆ ಮೊದಲ ಹೆಸರು, n ಒತ್ತಿದರೆ ಮುಂದಿನದು. ನೆನಪಿಡುವ ಕೆಲಸವನ್ನೆಲ್ಲ ಅದಕ್ಕೇ ಬಿಟ್ಟಿದ್ದಳು.

ಒಂದು ದಿನ ದೊಡ್ಮನೆಯ ಕಮಲಾಕರ ಫೋನು ಮಾಡಿದ. "ಪ್ರತಿಭಾ ಅವ್ರೇ, ಅಪ್ಪ ಹೋಗ್ಬಿಟ್ರು. ಸೂತಕ ಮುಗಿಯೂವರೆಗೆ ನನ್ನ ಕರೀಬೇಡಿ. ಆಯಿ ಕಳಿಸೂದಿಲ್ಲ."

ಸೂತಕದವರ ಸಾಲನ್ನು ಪಟ್ಟಿಯ ತುದಿಗೆ ಸರಿಸಿಡುವುದು ಅವಳ ರೂಢಿ. dd ಒತ್ತಿ ಸಾಲು ಕತ್ತರಿಸಿದಳು. ಇನ್ನು G ಒತ್ತಿ ತುದಿಗೆ ಹೋಗಿ, p ಒತ್ತಿ ಅಂಟಿಸಬೇಕು. ಅಷ್ಟರಲ್ಲಿ ಕೆಳಗೆ ಒಬ್ಬರದೇ ಹೆಸರು ಎರಡು ಸಲ ಇದ್ದದ್ದು ಕಂಡಿತು. ಅದರಲ್ಲೊಂದನ್ನೂ dd ಮಾಡಿ, ಆಮೇಲೆ ತುದಿಗೆ ಹೋಗಿ p ಒತ್ತಿದಳು. p ಒತ್ತಿದರೆ ಬರುವುದು ಕೊನೆಗೆ ಕತ್ತರಿಸಿದ ಸಾಲು ಮಾತ್ರ; ತುದಿಯಲ್ಲಿ ಬಂದು ಕೂತದ್ದು ಆ ಇನ್ನೊಬ್ಬರ ಹೆಸರು. ಅವಳು ನೋಡಲಿಲ್ಲ. :wq ಒತ್ತಿ, ಉಳಿಸಿ, ಎದ್ದಳು.

ಎರಡು ತಿಂಗಳ ಮೇಲೆ ಬನವಾಸಿ ಕಡೆಯ ಗೌರಕ್ಕನ ಮಗಳಿಗೆ ಶಿರಸಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಓ ನೆಗೆಟಿವ್, ಎರಡು ಬಾಟ್ಲಿ ಬೇಕು ಅಂದರು. ಗೌರಕ್ಕ ತಾನೇ ಬಂದು ಪ್ರತಿಭಾಳ ಪಕ್ಕ ನಿಂತಳು.

"ಸಿಕ್ಕಿತೇನ ಅವ್ವಿ?"

"ಒಬ್ಬರು ಸಿಕ್ಕಾರ್ರಿ. ಇನ್ನೊಬ್ಬರನ್ನ ಹುಡುಕಾಕ ಹತ್ತೀನಿ."

"ಆ ಪೆಟ್ಟಿಗ್ಯಾಗ ಆರುನೂರು ಮಂದಿ ಅದಾರಂತಿ. ಒಬ್ಬಾಂವ ಎದ್ದು ಬರಾಕ ಒಲ್ಲನೇನು?"

n, n, n. ಅವೇ ನಾಲ್ಕು ಹೆಸರು ಸುತ್ತಿ ಸುತ್ತಿ ಬಂದವು. ಒಬ್ಬರು ಕೊಟ್ಟಾಗಿತ್ತು, ಒಬ್ಬರು ಮುಂಬಯಿಯಲ್ಲಿ, ಒಬ್ಬರಿಗೆ ಕಾಮಾಲೆ, ಮತ್ತೊಬ್ಬರ ಫೋನು ಸತ್ತಿತ್ತು. ಹುಬ್ಬಳ್ಳಿಯಿಂದ ರಕ್ತ ಬರುವಾಗ ಸಂಜೆ. ಬಾಣಂತಿ ಮಧ್ಯಾಹ್ನವೇ ಹೋಗಿಬಿಟ್ಟಿದ್ದಳು.

ಮುಂದಿನ ವಾರ ಕಮಲಾಕರ ಪೇಟೆಗೆ ಬಂದವನು ಪ್ರತಿಭಾಳ ಕೋಣೆಯೊಳಗೆ ಇಣುಕಿದ. "ಎಂತದು, ನನ್ನ ಮರ್ತೇ ಬಿಟ್ರಾ? ಓ ನೆಗೆಟಿವ್ ಅಂದ್ರೆ ಬಂಗಾರ ಅಂತಿದ್ರಿ. ಸೂತಕ ಮುಗ್ದು ಎರಡು ತಿಂಗಳಾಗ್ತಾ ಬಂತು, ಒಂದು ಫೋನೂ ಇಲ್ಲ."

ಪ್ರತಿಭಾ ಅವನ ಹೆಸರು ಬರೆದು ಹುಡುಕಿದಳು. ಸಿಗಲಿಲ್ಲ. ತುದಿಗೆ ಹೋಗಿ ಅಲ್ಲಿದ್ದ ಹೆಸರು ಓದಿದಳು. ಅದು ಕಮಲಾಕರನದಲ್ಲ.

ಮರುದಿನ ಬನವಾಸಿ ಬಸ್ಸು ಹತ್ತಿದಳು. ಗೌರಕ್ಕನ ಕಟ್ಟೆಯ ಮೇಲೆ ಕೂತು, ಏನೂ ಮುಚ್ಚಿಡದೆ ಎಲ್ಲ ಹೇಳಿದಳು. ಗೌರಕ್ಕ ಸೆರಗಿನ ಅಂಚು ಹೊಸೆಯುತ್ತ ಕೇಳಿದಳು.

"ಯಾಕ ಹೇಳಿದಿ ಅವ್ವಿ? ದೇವರು ಕರಕೊಂಡ ಅಂತ ಅವನ್ನ ಬೈಕೊಂತ ಕುಂತಿದ್ದೆ. ಇನ್ನ ಯಾರನ್ನ ಬೈಲಿ? ನಿನ್ನ ಬೈಯಾಕ ನನಗ ಬಾಯಿ ಬರವಲ್ದು."

ಒಳಗೆ ಮಗಳ ಕೂಸು ಅತ್ತಿತು. ಗೌರಕ್ಕ ಎದ್ದು ಹೋದಳು.