ಅರ್ಧ ಕಂಬಳಿ

ಬೆಳಗಾವಿಯಲ್ಲಿ ಕುದುರೆ ಸಾಕಿದವರಿಗೆಲ್ಲ ಕಲಂದರನ ಮನೆ ಗೊತ್ತಿತ್ತು. ಜೀನಿನ ಅಡಿಗೆ ಕುದುರೆಯ ಬೆನ್ನಿಗೆ ಹಾಸುವ ಮೆತ್ತೆಗೆ ತಡಿ ಅನ್ನುತ್ತಾರೆ. ಆ ತಡಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಹೊಲಿಸಲು ಹೋದವರು ಮೊದಲು ಅವನ ಬೈಗುಳ ತಿನ್ನಬೇಕಾಗುತ್ತಿತ್ತು. ಮದುವೆ ಮೆರವಣಿಗೆಗೆ ಕುದುರೆ ಕೊಡುವ ಹಿಂದವಾಡಿಯ ತಮ್ಮಣ್ಣ ಒಮ್ಮೆ ಬಂದು, ಮೇಲೆ ಕೆಂಪು ರೆಕ್ಸಿನ್ನು, ಒಳಗೆ ಸ್ಪಂಜು ಹಾಕಿ ಹೊಲಿದುಕೊಡು ಅಂದ. ಕಲಂದರ ಅದೇ ರೆಕ್ಸಿನ್ನಿನ ತುಂಡನ್ನು ಅವನ ಅಂಗಿಯೊಳಗೆ ತುರುಕಿ, ಬಿಸಿಲಲ್ಲಿ ಒಂದು ತಾಸು ಕೂತು ನೋಡು ಅಂದ. ಅರ್ಧ ತಾಸಿಗೇ ತಮ್ಮಣ್ಣ ಬೆನ್ನು ಕೆರೆದುಕೊಳ್ಳುತ್ತ ಎದ್ದ. ಸ್ಪಂಜು ಬೆವರನ್ನು ಹಿಡಿದಿಟ್ಟು ಮೈ ಬೇಯಿಸುತ್ತದೆ, ಗೋಣಿ ಗೀರುತ್ತದೆ, ಹತ್ತಿ ತೊಯ್ದರೆ ಗಂಟುಗಟ್ಟುತ್ತದೆ. ಉಳಿದದ್ದು ಉಣ್ಣೆ, ಅದೂ ಹಾಸಿ ಹೊದ್ದು ಹಳತಾದ ಕಂಬಳಿ. ಹೊಸ ಕಂಬಳಿ ತಂದವರನ್ನು ಮಾತ್ರ ಅವನು ಬೈಯುತ್ತಿರಲಿಲ್ಲ. ಸುಮ್ಮನೆ ಇಸಿದುಕೊಂಡು, ವಾರ ಬಿಟ್ಟು ಬಾ ಅನ್ನುತ್ತಿದ್ದ. ಯಾಕೆಂದು ಹೇಳಹೊರಟರೆ ಗುಲಾಬಳ ಹೆಸರು ಬಾಯಿಗೆ ಬರುತ್ತಿತ್ತು.

ಗುಲಾಬ ಹಿಂದೆ ಅವನ ಟಾಂಗಾ ಎಳೆಯುತ್ತಿದ್ದ ಕೆಂಪು ಹೆಣ್ಣುಕುದುರೆ. ಕುದುರೆಗೆ ‘ಅದು’ ಅನ್ನಬೇಕು ನಿಜ, ಕಲಂದರ ಎಂದೂ ಅನ್ನಲಿಲ್ಲ, ನಾವೂ ಅನ್ನುವುದು ಬೇಡ. ಬೀಡಿ ಸೇದಿ ಸೇದಿ ಅವನಿಗೊಂದು ಬೆಳಗಿನ ಕೆಮ್ಮು ಅಂಟಿಕೊಂಡಿತ್ತು. ಅದು ಕಿವಿಗೆ ಬಿದ್ದರೆ ಸಾಕು, ಗುಲಾಬ ಗಂಟಲಲ್ಲೇ ಗುರುಗುರು ಎಂದು ಸಣ್ಣಗೆ ದನಿ ತೆಗೆಯುತ್ತಿದ್ದಳು. ಕಲಂದರ ಇನ್ನೊಮ್ಮೆ ಕೆಮ್ಮುತ್ತಿದ್ದ, ಬೇಕಂತಲೇ. ಹೆಂಡತಿ ಮದರಬೀ, ನಿಮ್ಮಿಬ್ಬರ ಮಾತು ಮುಗಿದರೆ ಚಹಾ ಕುಡೀರಿ ಎಂದು ಕಾಡಿಸುತ್ತಿದ್ದಳು.

ಎಪ್ಪತ್ತೈದರ ರಂಜಾನ್ ಹಬ್ಬಕ್ಕೆ ಸ್ಟೇಷನ್ನಿನ ಟಾಂಗಾದವರೆಲ್ಲ ಕುದುರೆ ಸಿಂಗರಿಸುವ ಪೈಪೋಟಿಗೆ ಬಿದ್ದರು. ಕಲಂದರ ಖಾನಾಪುರಕ್ಕೆ ಹೋಗಿ, ಕುರುಬರ ಕರೆಪ್ಪನ ಮನೆಯಲ್ಲಿ ಆಗತಾನೇ ಮಗ್ಗದಿಂದ ಇಳಿದ ಕರೀ ಕಂಬಳಿ ಆರಿಸಿದ. ಕುರುಬರು ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯುತ್ತಾರೆ. ಹಾಗಾಗಿ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ. ತಡಿಗೆ ಅಂತ ತಿಳಿದದ್ದೇ ಕರೆಪ್ಪನ ಹೆಂಡತಿ ಕಾಡವ್ವ ಅವನನ್ನು ಹೊಸ್ತಿಲಲ್ಲೇ ತಡೆದಳು.

“ಯಣ್ಣಾ, ಇದನ್ನ ಮೂರ ಸಲ ಹಳ್ಳದಾಗ ತುಳದು ತೊಳಿ. ಗಂಜಿ ಪೂರಾ ಹೋಗಬೇಕು ನೋಡು. ಹಂಗ ಹಾಕಿದ್ರ ಕುದರಿ ಬೆನ್ನು ಉಳಿಯಂಗಿಲ್ಲ.”

ಕಲಂದರ ಹೂಂ ಅಂದು ಬಂದ. ತೊಳೆದರೆ ಕಂಬಳಿ ಜೋತುಬೀಳುತ್ತದೆ, ಹಬ್ಬದ ದಿನ ತಡಿಯ ಅಂಚು ನೆಟ್ಟಗೆ ನಿಲ್ಲುವುದಿಲ್ಲ. ಹಬ್ಬ ಕಳೆದ ಮೇಲೆ ತೊಳೆದರಾಯಿತು ಅಂದುಕೊಂಡು ಹಾಗೇ ಅರ್ಧ ಕತ್ತರಿಸಿ ಹೊಲಿದ. ಹಬ್ಬದ ದಿನ ಎಲ್ಲರೂ ಗುಲಾಬಳನ್ನೇ ನೋಡಿದರು. ಹಬ್ಬದ ಬಾಡಿಗೆಗಳ ಗದ್ದಲದಲ್ಲಿ ತೊಳೆಯುವುದು ಮರೆತೇಹೋಯಿತು. ಗಂಜಿ ಹಗಲು ಬೆವರಿಗೆ ಅಂಟಾಗಿ, ರಾತ್ರಿ ಒಣಗಿ ಚಿಪ್ಪಾಗುತ್ತಿತ್ತು. ಐದನೆಯ ಸಂಜೆ ತಡಿ ತೆಗೆದರೆ ಅದರ ಜೊತೆ ಚರ್ಮವೂ ಎದ್ದು ಬಂತು. ಗುಲಾಬ ಒದೆಯಲಿಲ್ಲ, ಕತ್ತು ಹೊರಳಿಸಿ ಅವನನ್ನು ನೋಡಿದಳು ಅಷ್ಟೇ.

ಗಾಯ ಕೀವಾಯಿತು. ಆರು ತಿಂಗಳು ಬೆನ್ನಿಗೆ ಏನೂ ತಾಗಕೂಡದು ಎಂದು ದನದ ಡಾಕ್ಟರು ಹೇಳಿದರು. ಟಾಂಗಾ ನಿಂತರೆ ಒಲೆ ಉರಿಯದ ಮನೆ ಅದು. ಹುಲ್ಲಿನಲ್ಲಿ ಬಿಟ್ಟರೆ ಮಾಯುತ್ತದೆ, ನನಗೆ ಕೊಡು ಎಂದು ಕರೆಪ್ಪ ತಾನಾಗಿ ಬಂದು ಕೇಳಿದ. ಕೊಟ್ಟ. ಗಾಯ ಮಾಯ್ದಿದೆ ಬಾ ಎಂದು ಆಮೇಲೆ ಎರಡು ಸಲ ಹೇಳಿಕಳಿಸಿದರೂ ಕಲಂದರ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಬೇಕಿತ್ತು? ಟಾಂಗಾ ಮಾರಿ ತಡಿ ಹೊಲಿಯಲು ಕೂತ. ಉಳಿದ ಅರ್ಧ ಕಂಬಳಿಯನ್ನು ಮಾತ್ರ ಮೂರು ಸಲವಲ್ಲ, ಮೂವತ್ತು ಸಲ ತೊಳೆದ. ಒಂಬತ್ತು ವರ್ಷ ಅದನ್ನೇ ಹಾಸಿಕೊಂಡು ಮಲಗಿದ. ಬೆಳಿಗ್ಗೆ ಕೆಮ್ಮಿ ಒಂದು ಗಳಿಗೆ ಸುಮ್ಮನಿರುತ್ತಿದ್ದ, ಅಂಗಳದಿಂದ ಏನಾದರೂ ಕೇಳೀತೇ ಎಂದು. ಮದರಬೀ ಈಗ ಕಾಡಿಸುತ್ತಿರಲಿಲ್ಲ. ಒಮ್ಮೆ ಖಾನಾಪುರಕ್ಕೆ ಟಿಕೀಟು ತೆಗೆಸಿ ರೈಲು ಹತ್ತಿದವನು ಅಲ್ಲಿ ಇಳಿಯುವ ಧೈರ್ಯವಾಗದೆ ಲೋಂಡಾವರೆಗೆ ಹೋಗಿ, ಪ್ಲಾಟ್‌ಫಾರಂ ಮೇಲೆ ಕೂತು ಅತ್ತು, ಮರಳಿ ಬಂದ.

ಎಂಬತ್ನಾಲ್ಕರ ಮೇ ತಿಂಗಳಲ್ಲಿ ಕರೆಪ್ಪ ಬಂದ. ಖಾನಾಪುರದ ಮಳೆ ಕುರಿಗೆ ಒಗ್ಗುವುದಿಲ್ಲ, ಮಳೆ ಹಿಡಿಯುವ ಮೊದಲೇ ಹಿಂಡು ಮೂಡಲ ಸೀಮೆಗೆ ಹೊರಡಬೇಕು. ಹಾಸಿಗೆ ಪಾತ್ರೆ ಹೊರುವವಳು ಗುಲಾಬ. ಇಷ್ಟು ವರ್ಷ ಕಾಡವ್ವನ ಹಳೇ ಕೌದಿ ಹಾಸಿ ಹೊರಿಸುತ್ತಿದ್ದರು, ಅದು ಹರಿದುಹೋಗಿತ್ತು.

“ಬ್ಯಾರೆ ಏನ ಹಾಕಿದ್ರೂ ಝಾಡಿಸಿ ಒಗೀತಾಳ, ಕಲಂದರಣ್ಣ. ನಾಡಿದ್ದ ಹಿಂಡ ಹೊಂಡತೈತಿ. ಅವತ್ತೂ ಹೊರದಿದ್ರ ಮಾರಿಬಿಡಬೇಕು, ಬ್ಯಾರೆ ದಾರಿ ಇಲ್ಲ.”

ಈ ವಯಸ್ಸಿನಲ್ಲಿ ಮಾರಿದರೆ ಅವಳನ್ನು ಇಟ್ಟಿಗೆ ಭಟ್ಟಿಯವರ ಹೊರತು ಯಾರೂ ಕೊಳ್ಳುವುದಿಲ್ಲ ಎಂದು ಕಲಂದರನಿಗೆ ಗೊತ್ತಿತ್ತು. ಕರೆಪ್ಪ ಹೋದ ಮೇಲೆ ಹಾಸಿಗೆಯ ಕಂಬಳಿ ಕೊಡವಿ, ನಾಲ್ಕು ಮಡಿಕೆ ಮಾಡಿ, ಗಂಟು ತಾಗದಂತೆ ಅಂಚಿನಲ್ಲೇ ದಾರ ಓಡಿಸಿದ. ಆ ರಾತ್ರಿ ಮದರಬೀ ಅವನಿಗೆ ತನ್ನ ಹಳೇ ಸೀರೆ ಮಡಿಸಿ ಹಾಸಿದಳು.

ಹಿಂಡು ಹೊರಡುವ ಮುಂಜಾನೆ ಖಾನಾಪುರದಲ್ಲಿ ಇಳಿದ. ಗುಲಾಬ ಬೇವಿನ ಮರದಡಿ ನಿಂತಿದ್ದಳು. ಅವಳ ಬೆನ್ನ ಮೇಲೆ ಮಾಯ್ದ ಜಾಗದಲ್ಲಿ ಕೂದಲು ಬೆಳ್ಳಗೆ ಬಂದಿತ್ತು, ಸರಿಯಾಗಿ ಅವನು ಹೊಲಿದ ಆ ತಡಿಯ ಅಳತೆಗೆ. ತಡಿ ಹಿಡಿದು ಬರುವವನನ್ನು ಕಂಡದ್ದೇ ಅವಳು ಹಗ್ಗ ಬಿಗಿಯುವವರೆಗೆ ಹಿಂದೆ ಸರಿದಳು. ಕಲಂದರ ಅಲ್ಲೇ ನಿಂತ. ತಡಿಯನ್ನು ಕಾಡವ್ವನ ಕೈಗೆ ಕೊಟ್ಟು ಹಿತ್ತಿಲಗೋಡೆಯ ಮರೆಗೆ ಹೋದ.

ಕಾಡವ್ವ ತಡಿಯನ್ನು ಗುಲಾಬಳ ಮೂಗಿನ ಹತ್ತಿರ ಹಿಡಿದಳು. ಗುಲಾಬ ಬಹಳ ಹೊತ್ತು ಮೂಸಿದಳು. ಆಮೇಲೆ ಗಂಟಲಲ್ಲೇ, ಗುರುಗುರು ಎಂದು ಸಣ್ಣಗೆ ದನಿ ತೆಗೆದಳು. ತಡಿ ಬೆನ್ನಿಗೇರಿತು, ಮೇಲೆ ಗಂಟೂ ಏರಿತು. ಅವಳು ಅಲುಗಲಿಲ್ಲ.

“ಬಾರಣ್ಣ, ನಿನ್ನ ಕರ್ಯಾಕ ಹತ್ತ್ಯಾಳ” ಎಂದಳು ಕಾಡವ್ವ.

ಕಲಂದರನಿಗೆ ಕೆಮ್ಮು ಒತ್ತರಿಸಿ ಬಂತು. ಓಡಿಹೋಗಿ ಆ ಕತ್ತನ್ನು ತಬ್ಬಬೇಕೆಂದು ಜೀವ ಎಳೆಯುತ್ತಿತ್ತು. ತನ್ನನ್ನು ಕಂಡು ಹೆದರಿ ಅವಳು ತಡಿ ಒಗೆದರೆ ಎಲ್ಲ ಹಾಳು. ಎರಡೂ ಕೈಯಿಂದ ಬಾಯಿ ಒತ್ತಿಕೊಂಡು ಗೋಡೆಗಾತು ಕುಳಿತ. ಗುಲಾಬ ಇನ್ನೊಮ್ಮೆ ದನಿ ತೆಗೆದು, ಕಿವಿ ನಿಮಿರಿಸಿ, ಸ್ವಲ್ಪ ಹೊತ್ತು ಕಾದಳು. ಕರೆಪ್ಪ ಹಗ್ಗ ಎಳೆದ. ಹಿಂಡು ಹೊರಟಿತು.

ಕುರಿಗಳ ಸದ್ದು ಪೂರ್ತಿ ಅಡಗಿದ ಮೇಲೆ ಕಲಂದರ ಬಾಯಿಂದ ಕೈ ತೆಗೆದು ಕೆಮ್ಮಿದ.